ಟ್ರಂಪೆಟ್ ವಾದಕರ ದಿನನಿತ್ಯದ ಅಭ್ಯಾಸ: ಯಾವ ಕ್ರಮ ಯಾರಿಗೆ ಒಗ್ಗುತ್ತದೆ

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು ಎನ್ನುವುದು ಟ್ರಂಪೆಟ್ ಕಲಿಯುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ. ಪಿಯಾನೋ ಕಲಿಯುವವರಿಗೆ ಅದು ಸರಿಯಾದ ಪ್ರಶ್ನೆಯೇ, ಏಕೆಂದರೆ ಅಲ್ಲಿ ಬೆರಳು ದಣಿದರೂ ತಂತಿಯ ನಾದ ಕೆಡುವುದಿಲ್ಲ. ಟ್ರಂಪೆಟ್‌ನಲ್ಲಿ ನಾದ ಹುಟ್ಟುವುದೇ ವಾದಕನ ತುಟಿಯಲ್ಲಿ. ಸುಮಾರು 148 ಸೆಂಟಿಮೀಟರ್ ಉದ್ದದ ಕೊಳವೆಯೊಳಗಿನ ಗಾಳಿಯನ್ನು ಕಂಪಿಸುವಂತೆ ಮಾಡುವುದು, ತುಟಿಗಿಡುವ ಬಟ್ಟಲಿನಂಥ ತುದಿಯಾದ ಮೌತ್‌ಪೀಸ್‌ನ ಅಂಚಿನೊಳಗೆ ಸಿಕ್ಕಿರುವ, 16 ಮಿಲಿಮೀಟರ್‌ನಷ್ಟು ಅಗಲದ ತುಟಿಯ ತುಣುಕು. ಆ ತುಣುಕು ಲೋಹದ ಅಂಚಿಗೂ ಹಲ್ಲಿಗೂ ನಡುವೆ ಒತ್ತಿಕೊಂಡಿರುವಷ್ಟು ಹೊತ್ತು ಅಲ್ಲಿ ರಕ್ತ ಸಲೀಸಾಗಿ ಹರಿಯುವುದಿಲ್ಲ. ವಾದ್ಯವನ್ನು ಕೆಳಗಿಳಿಸಿದ ಕೂಡಲೇ ಹರಿವು ಮರಳುತ್ತದೆ, ಬಣ್ಣ ತಿಳಿಯಾಗಿದ್ದ ಉಂಗುರದಾಕಾರದ ಗುರುತು ಕೆಂಪಗಾಗುತ್ತದೆ. ಆದ್ದರಿಂದ ಎರಡು ಅಭ್ಯಾಸಕ್ರಮಗಳನ್ನು ಹೋಲಿಸಿ ನೋಡುವಾಗ ನಾನು ಒಟ್ಟು ನಿಮಿಷಗಳನ್ನು ಎಣಿಸುವ ಮೊದಲು, ಆ ಕ್ರಮದಲ್ಲಿ ವಾದ್ಯ ಎಷ್ಟು ಬಾರಿ ತುಟಿಯನ್ನು ಬಿಟ್ಟು ಕೆಳಗಿಳಿಯುತ್ತದೆ ಎಂದು ನೋಡುತ್ತೇನೆ. ಮುಂದಿನ ಹೋಲಿಕೆಗಳಲ್ಲಿ ನನ್ನ ಅಳತೆಗೋಲು ಬಹುಮಟ್ಟಿಗೆ ಅದೇ ಆಗಿರುತ್ತದೆ.

ಒಂದೇ ಪಟ್ಟಿಗೆ ಕೂರುವುದೇ, ಹಂಚಿಕೊಳ್ಳುವುದೇ

ದಿನಕ್ಕೆ ಒಂದು ಗಂಟೆ ಸಿಗುತ್ತದೆ ಎಂದುಕೊಳ್ಳೋಣ. ಅದನ್ನು ಒಂದೇ ಪಟ್ಟಿಗೆ ಮುಗಿಸಬಹುದು, ಬೆಳಗ್ಗೆ ಮತ್ತು ಸಂಜೆ ಅರ್ಧರ್ಧ ಗಂಟೆಯಾಗಿ ಮಾಡಬಹುದು, ಇಲ್ಲವೇ ಇಪ್ಪತ್ತು ನಿಮಿಷಗಳ ಮೂರು ಕಂತುಗಳಾಗಿ ಹಂಚಬಹುದು. ಕಲಿಕೆ ಶುರುವಾದ ಮೊದಲ ಎರಡು ಮೂರು ವರ್ಷಗಳಲ್ಲಿ ಮೂರು ಕಂತಿನ ಕ್ರಮವೇ ಮೇಲು ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಹೊಸಬರನ್ನು ಹತ್ತಿರದಿಂದ ಗಮನಿಸಿದರೆ ಕಾರಣ ಕಣ್ಣಿಗೇ ಬೀಳುತ್ತದೆ. ಇಪ್ಪತ್ತೈದು ನಿಮಿಷದ ಹೊತ್ತಿಗೆ ಬಾಯಿಯ ಎರಡೂ ಮೂಲೆಗಳು ಸಡಿಲವಾಗುತ್ತವೆ, ಸ್ವರದ ಮುಂದೆ ಸಣ್ಣಗೆ ಗಾಳಿಯ ಸದ್ದು ಕೇಳತೊಡಗುತ್ತದೆ, ಸ್ವರಲಿಪಿಯ ಗೆರೆಗಳ ನಡುವಿನ ನಾಲ್ಕನೆಯ ಸಂದಿಯ ಇ (E) ಸ್ವರ ಕೆಳಗೆ ಜಾರುತ್ತದೆ. ಆಗ ಎಡಗೈ ತನಗೆ ತಿಳಿಯದಂತೆಯೇ ವಾದ್ಯವನ್ನು ತುಟಿಯ ಮೇಲೆ ಒತ್ತುತ್ತದೆ. ಒತ್ತಿದೊಡನೆ ಸ್ವರ ಬಂದುಬಿಡುವುದರಿಂದ ಅಭ್ಯಾಸ ಮುಂದುವರಿಯುತ್ತದೆ. ಆದರೆ ಉಳಿದ ಮೂವತ್ತೈದು ನಿಮಿಷಗಳಲ್ಲಿ ದೇಹ ಕಲಿಯುವುದು ಒತ್ತುವುದನ್ನೇ. ವರ್ಷಗಟ್ಟಲೆ ಹಾಗೆ ಕಲಿತದ್ದನ್ನು ಬಿಡಿಸುವ ಕೆಲಸ ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಒಂದೇ ಪಟ್ಟಿನ ಅಭ್ಯಾಸ ಎಲ್ಲರಿಗೂ ತಪ್ಪೆಂದು ಇದರ ಅರ್ಥವಲ್ಲ. ಎರಡು ಗಂಟೆಯ ಕಾರ್ಯಕ್ರಮಕ್ಕೆ ತಯಾರಾಗುತ್ತಿರುವವರು, ಆ ದಿನಕ್ಕೆ ಎರಡು ಮೂರು ವಾರ ಮೊದಲಿನಿಂದಲಾದರೂ, ವಾರಕ್ಕೆ ಒಂದೆರಡು ಸಲ ಇಡೀ ಕಾರ್ಯಕ್ರಮವನ್ನು ಅದೇ ಅನುಕ್ರಮದಲ್ಲಿ, ಅದೇ ವಿರಾಮಗಳೊಂದಿಗೆ ನುಡಿಸಿ ನೋಡಲೇಬೇಕು. ಹಂಚಿ ಮಾಡಿದ ಅಭ್ಯಾಸದಿಂದ ತುಟಿಗೆ ಬಲ ಬಂದರೂ, ಆ ಬಲವನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಸಿಗುವುದು ಇಂಥ ದೀರ್ಘ ನುಡಿಕೆಯಲ್ಲಿ. ನೆರೆಮನೆಯವರ ನಿದ್ದೆಗೆ ತೊಂದರೆಯಾಗದಂತೆ ದಿನದಲ್ಲಿ ಒಂದೇ ಹೊತ್ತು ನುಡಿಸಬಲ್ಲವರಿಗೂ ಬೇರೆ ದಾರಿಯಿಲ್ಲ. ಅಂಥವರು ಗಂಟೆಯೊಳಗೇ ವಿರಾಮವನ್ನು ಹೆಣೆದುಕೊಳ್ಳಬೇಕು. ಎಷ್ಟು ಹೊತ್ತು ನುಡಿಸಿದಿರೋ ಅಷ್ಟೇ ಹೊತ್ತು ವಾದ್ಯವನ್ನು ತೊಡೆಯ ಮೇಲಿಟ್ಟುಕೊಳ್ಳಿ ಎಂಬುದು ಹಿತ್ತಾಳೆ ವಾದ್ಯಗಳನ್ನು ಕಲಿಸುವವರು ತಲೆಮಾರುಗಳಿಂದ ಹೇಳುತ್ತ ಬಂದ ಮಾತು. ಆ ವಿರಾಮ ವ್ಯರ್ಥವಾಗಬೇಕಾಗಿಲ್ಲ. ಮುಂದಿನ ಸಾಲನ್ನು ಬಾಯಲ್ಲಿ ಹಾಡಿಕೊಂಡು, ಊದದೆ ವಾಲ್ವ್‌ಗಳನ್ನು ಮಾತ್ರ ಒತ್ತಿ ನೋಡಿದರೆ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಹಾಡಲು ಬಾರದ ಸ್ವರಾಂತರ ನುಡಿಸುವಾಗಲೂ ಬಾರದು. ಮೂರು ವಾಲ್ವ್‌ಗಳಿಂದ ಸಿಗುವುದು ಏಳೇ ಕೊಳವೆಯುದ್ದಗಳು. ಒಂದೇ ಬೆರಳುವಿನ್ಯಾಸದಲ್ಲಿ ಹಲವು ಸ್ವರಗಳು ಅಡಗಿರುವುದರಿಂದ, ಬೇಕಾದ ಸ್ವರ ಯಾವುದು ಎಂದು ಊದುವ ಮೊದಲೇ ಕಿವಿಗೆ ಗೊತ್ತಿರಬೇಕು.

ಮೊದಲ ಹತ್ತು ನಿಮಿಷ

ದಿನದ ಆರಂಭಕ್ಕೆ ಚಾಲ್ತಿಯಲ್ಲಿರುವ ದಾರಿಗಳು ಹಲವು. ಅವುಗಳ ನಡುವಿನ ವ್ಯತ್ಯಾಸ ಅಭ್ಯಾಸಪಾಠದ ಸ್ವರಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಆ ದಾರಿ ತುಟಿಯಿಂದ ಏನನ್ನು ಕೇಳುತ್ತದೆ ಎಂಬುದರಲ್ಲಿದೆ.

ಒಂದನೆಯದು ಮೌತ್‌ಪೀಸ್ ಒಂದನ್ನೇ ಹಿಡಿದು ಊದುವ ದಾರಿ. ಜೇಮ್ಸ್ ಸ್ಟ್ಯಾಂಪ್ ಅವರ ವಾರ್ಮಪ್ ಪಾಠಗಳನ್ನು ಅನುಸರಿಸುವವರು ಮೊದಲು ತುಟಿಯಿಂದಲೇ, ಆಮೇಲೆ ಮೌತ್‌ಪೀಸ್‌ನಿಂದ, ಪಿಯಾನೋದ ಸ್ವರಕ್ಕೆ ಹೊಂದಿಸಿ ಸಣ್ಣ ಸಣ್ಣ ಸಾಲುಗಳನ್ನು ಕಂಪಿಸಿ, ಬಳಿಕ ಅದನ್ನೇ ವಾದ್ಯದಲ್ಲಿ ನುಡಿಸುತ್ತಾರೆ. ಮೌತ್‌ಪೀಸ್‌ಗೆ ಕೊಳವೆಯ ಆಸರೆ ಇಲ್ಲ. ವಾದ್ಯದಲ್ಲಿ ಕಿವಿ ಸ್ವಲ್ಪ ತಪ್ಪಿದರೂ ಕೊಳವೆ ಹತ್ತಿರದ ಸ್ವರಕ್ಕೆ ಎಳೆದುಕೊಳ್ಳುತ್ತದೆ; ಇಲ್ಲಿ ಆ ಉಪಕಾರ ಸಿಗದೆ ತುಟಿ, ಉಸಿರು, ಕಿವಿ ಮೂರೂ ಒಟ್ಟಿಗೆ ದುಡಿಯಬೇಕಾಗುತ್ತದೆ. ಶ್ರುತಿ ಅಲುಗಾಡುವವರಿಗೆ, ಸ್ವರದ ಮಧ್ಯಕ್ಕೆ ತಾಗದೆ ಮೇಲೋ ಕೆಳಗೋ ನುಡಿಸುವ ರೂಢಿಯವರಿಗೆ ಇದು ಬಹಳ ಒಳ್ಳೆಯದು. ಆದರೆ ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿಯಾಗಿ ಇದನ್ನೇ ಮಾಡಿದರೆ ವಾದ್ಯ ಎತ್ತುವ ಮೊದಲೇ ತುಟಿ ಗಟ್ಟಿಯಾಗಿಬಿಡುತ್ತದೆ.

ಎರಡನೆಯದು ಲಾಂಗ್ ಟೋನ್, ಅಂದರೆ ಒಂದೊಂದು ಸ್ವರವನ್ನೂ ಎಳೆದು ನಿಲ್ಲಿಸುವ ದಾರಿ. ಇದರ ಕಟ್ಟುನಿಟ್ಟಾದ ರೂಪ ಕಾರ್ಮೈನ್ ಕರೂಸೊ ಅವರದು. ಸ್ವತಃ ಸ್ಯಾಕ್ಸೊಫೋನ್ ವಾದಕರಾಗಿದ್ದ ಅವರು ಹಿತ್ತಾಳೆ ವಾದಕರಿಗೆ ಕಲಿಸಿ ಹೆಸರಾದವರು ಎಂಬುದು ಗಮನಿಸತಕ್ಕ ಸಂಗತಿ. ಕಾಲಿನಿಂದ ತಾಳ ಹಾಕುತ್ತಿರಬೇಕು, ಪಾಠ ಮುಗಿಯುವವರೆಗೆ ಮೌತ್‌ಪೀಸ್ ತುಟಿ ಬಿಡಬಾರದು, ಉಸಿರು ಒಂದೇ ಹದದಲ್ಲಿ ಹರಿಯಬೇಕು, ಉಸಿರು ತೆಗೆದುಕೊಳ್ಳುವುದು ಮೂಗಿನಿಂದ ಮಾತ್ರ ಎಂಬ ನಾಲ್ಕು ನಿಯಮಗಳನ್ನು ಅವರು ಹಾಕಿದ್ದರು. ವಾದ್ಯ ಮತ್ತೆ ಮತ್ತೆ ಕೆಳಗಿಳಿಯಲಿ ಎಂದು ಈಗಷ್ಟೇ ಹೇಳಿದ ನನಗೆ ಎರಡನೆಯ ನಿಯಮ ವಿರುದ್ಧವಾಗಿ ಕಾಣಬೇಕಲ್ಲವೇ? ಇಲ್ಲ, ಏಕೆಂದರೆ ಆ ನಿಯಮ ಒಂದು ಪಾಠದೊಳಗಿನ ಕೆಲವು ನಿಮಿಷಗಳಿಗೆ ಸಂಬಂಧಿಸಿದ್ದು, ಇಡೀ ದಿನದ ಅಭ್ಯಾಸಕ್ಕಲ್ಲ. ಪ್ರತಿ ಉಸಿರಿಗೂ ಹೊಸದಾಗಿ ಬಾಯಿ ಹೊಂದಿಸುವ ಗಡಿಬಿಡಿಯನ್ನು ತಪ್ಪಿಸುವುದು ಅದರ ಗುರಿ. ಪ್ರತಿಸಲವೂ ಮೌತ್‌ಪೀಸ್ ಬೇರೆ ಬೇರೆ ಜಾಗದಲ್ಲಿ ಕೂರುವವರಿಗೆ, ಒಂದು ದಿನ ಚೆನ್ನಾಗಿ ಬಂದದ್ದು ಮರುದಿನ ಮಾಯವಾಗುವವರಿಗೆ ಇದರಿಂದ ಸ್ಥಿರತೆ ಬರುತ್ತದೆ. ಈಗಾಗಲೇ ಒತ್ತಿ ನುಡಿಸುವ ಚಟವಿರುವವರು ಮಾತ್ರ ಇದನ್ನು ಗುರುಗಳಿಲ್ಲದೆ ಕೈಗೆತ್ತಿಕೊಳ್ಳಬಾರದು. ಅವರಲ್ಲಿ ಇದು ರೋಗವನ್ನೇ ಗಟ್ಟಿಮಾಡುತ್ತದೆ.

ಮೂರನೆಯದು ಹರಿಯುವ ಸಾಲುಗಳ ದಾರಿ. ಹರ್ಬರ್ಟ್ ಕ್ಲಾರ್ಕ್ ಅವರ 1912ರ ಟೆಕ್ನಿಕಲ್ ಸ್ಟಡೀಸ್ ಇದಕ್ಕೆ ಹೆಚ್ಚು ಬಳಕೆಯಾಗುವ ಪುಸ್ತಕ. ಅರ್ಧ ಸ್ವರಗಳ ಅಂತರದಲ್ಲಿ ಏರಿಳಿಯುವ ಚಿಕ್ಕ ಸಾಲನ್ನು ಬಹಳ ಮೆಲ್ಲಗೆ, ಒಂದೇ ಉಸಿರಿನಲ್ಲಿ ಹಲವು ಬಾರಿ ನುಡಿಸಬೇಕು. ಮೆಲ್ಲಗೆ ಎನ್ನುವುದೇ ಇದರ ತಿರುಳು. ಬೆರಳಿನ ವೇಗ ತೋರಿಸುವ ಆಸೆಯಿಂದ ಇದನ್ನು ಜೋರಾಗಿ ನುಡಿಸುವವರು ಬೆರಳಿಗೆ ಕಸರತ್ತು ಕೊಟ್ಟು ತುಟಿಗೆ ಏನನ್ನೂ ಕೊಡುವುದಿಲ್ಲ. ಮೆಲ್ಲಗೆ ನುಡಿಸಿದಾಗ ತುಟಿಯ ನಡುವಿನ ಕಿಂಡಿ ಚಿಕ್ಕದಾಗಿ ಉಳಿಯುತ್ತದೆ, ಗಾಳಿ ಕಡಿಮೆ ಸಾಕಾಗುತ್ತದೆ, ತುಟಿ ಸುಲಭವಾಗಿ ಸ್ಪಂದಿಸುವುದನ್ನು ಕಲಿಯುತ್ತದೆ. ನನ್ನ ಸ್ವಂತ ಆಯ್ಕೆ ಇದೇ: ಎರಡು ನಿಮಿಷ ಮೌತ್‌ಪೀಸ್, ಎರಡು ನಿಮಿಷ ವಿರಾಮ, ಆಮೇಲೆ ಈ ಮೆಲುಸಾಲುಗಳು. ಹಿಂದೆ ಹಲವು ವರ್ಷ ನಾನು ಬೆಳಗಿನ ಮೊದಲ ಸ್ವರವನ್ನೇ ತುಂಬುದನಿಯಲ್ಲಿ ಊದುತ್ತಿದ್ದೆ. ಆ ದಿನಗಳ ಸಂಜೆ ನನ್ನ ತುಟಿ ಮರದ ತೊಗಟೆಯಂತೆ ಇರುತ್ತಿತ್ತು. ಕಾರಣ ತಿಳಿಯಲು ತಡವಾಯಿತು.

ಇವುಗಳ ಜೊತೆಗೆ ಲಿಪ್ ಸ್ಲರ್‌ಗಳನ್ನು ಬೇರೆ ಸಾಲಿನಲ್ಲಿ ಎಣಿಸಬೇಕು. ವಾಲ್ವ್ ಬದಲಿಸದೆ, ನಾಲಿಗೆ ತಾಗಿಸದೆ, ಕೆಳಗಿನ ಸಿಯಿಂದ ಜಿಗೆ, ಜಿಯಿಂದ ಮೇಲಿನ ಸಿಗೆ ಜಾರುವ ಈ ಪಾಠಗಳು ಆರಂಭದ ಹತ್ತು ನಿಮಿಷಕ್ಕಿಂತ ಅದರ ಮುಂದಿನ ಹತ್ತು ನಿಮಿಷಕ್ಕೆ ಹೊಂದುತ್ತವೆ. ಯಾವ ಕ್ರಮ ಆರಿಸಿದರೂ ಇದನ್ನು ಬಿಡುವಂತಿಲ್ಲ. ಸ್ವರದಿಂದ ಸ್ವರಕ್ಕೆ ದಾಟುವಾಗ ನಡುವೆ ಗೊರಗೊರ ಸದ್ದು ಬಂದರೆ ಉಸಿರು ಅಲ್ಲಿ ನಿಂತಿತೆಂದು ತಿಳಿಯಬೇಕು. ವೇಗವನ್ನು ಅರ್ಧಕ್ಕಿಳಿಸಿ, ದಾಟುವ ಕ್ಷಣದಲ್ಲೇ ಉಸಿರನ್ನು ತುಸು ಮುಂದಕ್ಕೆ ತಳ್ಳಿದರೆ ಸದ್ದು ಅಡಗುತ್ತದೆ.

ಒಂದೇ ಪಾಠ ಪ್ರತಿದಿನವೇ, ದಿನಕ್ಕೊಂದು ಬಗೆಯೇ

ಪ್ರತಿದಿನ ಅದೇ ಪಾಠಗಳನ್ನು ಅದೇ ಅನುಕ್ರಮದಲ್ಲಿ ನುಡಿಸುವವರಿದ್ದಾರೆ. ಅದು ಬೇಸರ ತರುತ್ತದೆಂದು ದಿನಕ್ಕೊಂದು ಬಗೆ ಹಂಚಿಕೊಳ್ಳುವವರೂ ಇದ್ದಾರೆ. ಸ್ಥಿರ ಕ್ರಮದ ದೊಡ್ಡ ಲಾಭವೆಂದರೆ ಅದು ಕನ್ನಡಿಯಂತೆ ಕೆಲಸ ಮಾಡುತ್ತದೆ. ನಿನ್ನೆ ನುಡಿಸಿದ್ದನ್ನೇ ಇಂದೂ ನುಡಿಸುವುದರಿಂದ ಇಂದಿನ ತುಟಿ ಹೇಗಿದೆ ಎಂಬುದು ಐದು ನಿಮಿಷದಲ್ಲಿ ತಿಳಿದುಬಿಡುತ್ತದೆ. ಅದರ ಅಪಾಯ ಏನೆಂದರೆ ಮನಸ್ಸು ಬೇರೆಲ್ಲೋ ಇದ್ದು ತುಟಿ ಮಾತ್ರ ಪಾಠ ಒಪ್ಪಿಸಿ ಮುಗಿಸುವುದು. ಜೊತೆಗೆ, ಆ ಪಾಠಗಳಿಲ್ಲದೆ ವೇದಿಕೆಗೆ ಹೋಗಲಾರೆ ಎಂಬ ಅವಲಂಬನೆಯೂ ಬೆಳೆಯುತ್ತದೆ. ಮುಕ್ಕಾಲು ಗಂಟೆಯ ವಾರ್ಮಪ್ ಇಲ್ಲದೆ ಒಂದು ಸ್ವರವೂ ಬಾರದ ವಾದಕನ ಸ್ಥಿತಿ ಪ್ರಯಾಣದ ದಿನಗಳಲ್ಲಿ ನಿಜಕ್ಕೂ ಕಷ್ಟದ್ದು.

ನಾನು ಸೂಚಿಸುವುದು ಎರಡರ ಬೆರಕೆ. ಮೊದಲ ಹತ್ತು ಹನ್ನೆರಡು ನಿಮಿಷ ತಿಂಗಳುಗಟ್ಟಲೆ ಬದಲಾಗದಿರಲಿ. ಅದರ ನಂತರದ ಭಾಗ ಬದಲಾಗುತ್ತಿರಲಿ. ಈ ಬದಲಾಗುವ ಭಾಗಕ್ಕೆ ಝಾನ್ ಬತೀಸ್ತ್ ಅರ್ಬಾನ್ ಅವರ 1864ರ ಬೃಹತ್ ಪಾಠಪುಸ್ತಕದಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಸ್ಕೇಲ್, ಸ್ವರಾಂತರ, ಜೋಡಿ ಮತ್ತು ತ್ರಿವಳಿ ನಾಲಿಗೆಪೆಟ್ಟು (ನಾಲಿಗೆ ತಾಗಿಸಿ ಸ್ವರಗಳನ್ನು ಬಿಡಿಬಿಡಿಯಾಗಿ ಆರಂಭಿಸುವುದು), ಹಾಡಿನ ಸಾಲುಗಳು, ಕೊನೆಯ ದೊಡ್ಡ ಪಾಠಗಳು ಎಲ್ಲವೂ ಅದರಲ್ಲಿ ಬೇರೆ ಬೇರೆ ವಿಭಾಗಗಳಾಗಿರುವುದರಿಂದ ಒಂದು ದಿನ ಒಂದರಿಂದ ಅರ್ಧ ಪುಟ, ಮರುದಿನ ಇನ್ನೊಂದರಿಂದ ಅರ್ಧ ಪುಟ ಆರಿಸಿಕೊಳ್ಳಬಹುದು. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಕೊಂಡು ಹೋಗುವುದು ಅದರ ಬಳಕೆಯ ರೀತಿಯಲ್ಲ. ಸ್ವಂತ ಯೋಜನೆ ಹಾಕಿಕೊಳ್ಳಲು ತೊಡಕೆನಿಸುವವರಿಗೆ ಕ್ಲಾರ್ಕ್ ಅವರ ಶಿಷ್ಯ ಕ್ಲಾಡ್ ಗಾರ್ಡನ್ 1965ರಲ್ಲಿ ಪ್ರಕಟಿಸಿದ, 52 ವಾರಗಳಿಗೆ ಹಂಚಿಟ್ಟ ಪಾಠಕ್ರಮವಿದೆ. ಅದರ ಶಿಸ್ತು ಮೆಚ್ಚತಕ್ಕದ್ದೇ, ಆದರೆ ವಾದ್ಯದ ಸಾಮಾನ್ಯ ವ್ಯಾಪ್ತಿಗೂ ಕೆಳಗಿನ ಪೆಡಲ್ ಸ್ವರಗಳಿಂದ ಬಹಳ ಮೇಲಿನವರೆಗೂ ಅದು ತುಟಿಯನ್ನು ದುಡಿಸುತ್ತದೆ. ಶಾಲೆ ಅಥವಾ ಕೆಲಸದ ನಡುವೆ ಬ್ಯಾಂಡಿನಲ್ಲೂ ನುಡಿಸುವವರಿಗೆ ಅದು ಭಾರವಾಗಬಹುದು.

ಕೈಯಲ್ಲಿರುವ ಹೊತ್ತಿಗೆ ತಕ್ಕಂತೆ

ದಿನಕ್ಕೆ ಇಪ್ಪತ್ತೇ ನಿಮಿಷ ಸಿಗುವವರು ಎಲ್ಲವನ್ನೂ ಒಂದೊಂದು ಚಿಟಿಕೆ ಮಾಡಲು ಹೋಗಬಾರದು. ಐದು ನಿಮಿಷ ಮೆಲುಸಾಲು, ಐದು ನಿಮಿಷ ಲಿಪ್ ಸ್ಲರ್, ಉಳಿದದ್ದರಲ್ಲಿ ಒಂದೇ ಒಂದು ಹಾಡಿನ ನಾಲ್ಕು ಸಾಲು. ನಡುನಡುವೆ ವಿರಾಮ ಈ ಲೆಕ್ಕದೊಳಗೇ ಸೇರಿದೆ. ಸ್ಕೇಲ್‌ಗಳನ್ನು ದಿನಕ್ಕೊಂದರಂತೆ ಮೆಲುಸಾಲಿನ ಜಾಗದಲ್ಲೇ ನುಡಿಸಿದರೆ ಹನ್ನೆರಡು ದಿನಕ್ಕೆ ಹನ್ನೆರಡು ಮೇಜರ್ ಸ್ಕೇಲ್‌ಗಳೂ ಒಂದು ಸುತ್ತು ಬರುತ್ತವೆ.

ಮುಕ್ಕಾಲು ಗಂಟೆಯಿದ್ದರೆ ನಾಲಿಗೆಪೆಟ್ಟಿಗೆ ಪ್ರತ್ಯೇಕ ಜಾಗ ಕೊಡಲು ಸಾಧ್ಯ. ಅದನ್ನು ಸ್ಲರ್‌ಗಳ ನಂತರ, ಸಂಗೀತಕ್ಕಿಂತ ಮೊದಲು ಇಡಬೇಕು. ಮೊದಲು ಸಾಲನ್ನು ನಾಲಿಗೆಯಿಲ್ಲದೆ ಒಂದೇ ಉಸಿರಿನಲ್ಲಿ ನುಡಿಸಿ, ಅದೇ ಉಸಿರಿನ ಮೇಲೆ ನಾಲಿಗೆಯನ್ನು ಹಗುರವಾಗಿ ಸೇರಿಸುವುದು ನನಗೆ ಗೊತ್ತಿರುವ ಅತ್ಯಂತ ಸುರಕ್ಷಿತ ವಿಧಾನ. ಮೆಟ್ರೊನೋಮ್ ವೇಗವನ್ನು ದಿನಕ್ಕೆ ಎರಡು ಅಂಕಿಗಿಂತ ಹೆಚ್ಚು ಏರಿಸದಿರುವುದು ಒಳ್ಳೆಯದು. ಈ ಮುಕ್ಕಾಲು ಗಂಟೆಯಲ್ಲೂ ಅರ್ಧದಷ್ಟಾದರೂ ಸಂಗೀತಕ್ಕೇ ಮೀಸಲಾಗಿರಲಿ. ಪಾಠಗಳಲ್ಲಿ ಎಷ್ಟು ಪಳಗಿದರೂ, ಒಂದು ಹಾಡಿನ ಸಾಲನ್ನು ಕೇಳುಗನಿಗೆ ತಲುಪುವಂತೆ ನುಡಿಸುವುದು ಬೇರೆಯೇ ಕೆಲಸ, ಅದಕ್ಕೂ ದಿನವೂ ಅಭ್ಯಾಸ ಬೇಕು.

ಒಂದೂವರೆ ಗಂಟೆ ಅಥವಾ ಹೆಚ್ಚು ಇರುವವರು ಕಂತುಗಳ ನಡುವೆ ಕನಿಷ್ಠ ಒಂದು ಗಂಟೆ ಬಿಡುವುದು ಲೇಸು. ಮೊದಲ ಕಂತಿನಲ್ಲಿ ತುಟಿಯ ಪಾಠ, ಎರಡನೆಯದರಲ್ಲಿ ಬೆರಳು ಮತ್ತು ನಾಲಿಗೆ, ಮೂರನೆಯದರಲ್ಲಿ ಸಂಗೀತ ಮಾತ್ರ. ಸಂಜೆ ಬ್ಯಾಂಡಿನ ತಾಲೀಮು ಇದ್ದರೆ ಅದನ್ನೇ ಮೂರನೆಯ ಕಂತೆಂದು ಎಣಿಸಿ, ಮನೆಯ ಅಭ್ಯಾಸವನ್ನು ಅಷ್ಟಕ್ಕೆ ಕಡಿಮೆ ಮಾಡಬೇಕು. ತಾಲೀಮನ್ನು ಲೆಕ್ಕಕ್ಕೆ ಹಿಡಿಯದೆ ಮನೆಯಲ್ಲೂ ಪೂರ್ತಿ ನುಡಿಸಿ ತುಟಿ ಕೆಡಿಸಿಕೊಂಡವರು ಬಹಳ.

ಮೇಲಿನ ಸ್ವರಗಳನ್ನು ಎಲ್ಲಿಡುವುದು

ಬಹಳ ಮಂದಿ ಹೈ ಸಿ ಮತ್ತು ಅದರ ಮೇಲಿನವನ್ನು ಅಭ್ಯಾಸದ ಕೊನೆಗೆ ಇಟ್ಟುಕೊಳ್ಳುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟ ಜಾಗ, ಏಕೆಂದರೆ ಆಗ ತುಟಿಯಲ್ಲಿ ಶಕ್ತಿಯಿರುವುದಿಲ್ಲ, ಒತ್ತಡವೊಂದೇ ಉಳಿದಿರುತ್ತದೆ. ತುಟಿ ಹದವಾದ ಮೇಲೆ, ದಣಿಯುವ ಮೊದಲು, ಅಂದರೆ ದಿನದ ಅಭ್ಯಾಸದ ಮೊದಲ ಮೂರನೇ ಒಂದು ಪಾಲು ಮುಗಿಯುವ ಹೊತ್ತಿಗೆ ಐದು ನಿಮಿಷ ಮೀರದಂತೆ ಅವನ್ನು ಮುಗಿಸಬೇಕು. ಪ್ರತಿದಿನ ತನ್ನ ಗರಿಷ್ಠ ಸ್ವರವನ್ನು ಪರೀಕ್ಷಿಸುವ ಕ್ರಮಕ್ಕಿಂತ, ವಾರದಲ್ಲಿ ಮೂರು ದಿನ ಮಾತ್ರ ಏರಿ, ಸಲೀಸಾಗಿ ಮೆಲುವಾಗಿ ಬರುವ ಸ್ವರಕ್ಕಿಂತ ಅರ್ಧ ಸ್ವರವಷ್ಟೇ ಮೇಲೆ ಕೈಚಾಚುವ ಕ್ರಮ ನಿಧಾನವಾದರೂ ಉಳಿಯುತ್ತದೆ. ಮೆಲ್ಲಗೆ ನುಡಿಸಲಾಗದ ಮೇಲಿನ ಸ್ವರವನ್ನು ನನ್ನ ಸ್ವರವೆಂದು ಲೆಕ್ಕ ಹಾಕಬಾರದು ಎಂಬುದು ನಾನು ಪಾಲಿಸುವ ನಿಯಮ.

ಉಪಕರಣಗಳ ವಿಷಯ

ಶ್ರುತಿಗೆ ಟ್ಯೂನರ್ ಸೂಜಿಯನ್ನು ನೋಡುವುದಕ್ಕಿಂತ ನಿರಂತರವಾಗಿ ಮೊಳಗುವ ಒಂದು ಆಧಾರ ಸ್ವರದ ಜೊತೆ ನುಡಿಸುವುದು ಹೆಚ್ಚು ಕಲಿಸುತ್ತದೆ. ಸೂಜಿ ಕಣ್ಣಿಗೆ ಹೇಳುತ್ತದೆ, ಶ್ರುತಿ ತಿದ್ದಬೇಕಾದದ್ದು ಕಿವಿ. ವಾದ್ಯದ ಸ್ವಭಾವವನ್ನು ಒಮ್ಮೆ ತಿಳಿಯಲು ಮಾತ್ರ ಟ್ಯೂನರ್ ಬೇಕು. ಒಂದು ಮತ್ತು ಮೂರನೆಯ ವಾಲ್ವ್ ಸೇರಿದಾಗ ಕೆಳಗಿನ ಡಿ, ಮೂರೂ ಸೇರಿದಾಗ ಕೆಳಗಿನ ಸಿ ಶಾರ್ಪ್ ಏರುಶ್ರುತಿಯಲ್ಲಿ ಬರುತ್ತವೆ, ಅಲ್ಲಿ ಮೂರನೆಯ ವಾಲ್ವಿನ ಸ್ಲೈಡನ್ನು, ಅಂದರೆ ಜಾರುವ ಕೊಳವೆಯನ್ನು, ಹೊರಗೆಳೆಯಬೇಕು. ಇದನ್ನು ಅಭ್ಯಾಸದ ಮೊದಲ ದಿನಗಳಿಂದಲೇ ಕೈಗೆ ರೂಢಿಸದಿದ್ದರೆ ಆಮೇಲೆ ಮರೆಯುತ್ತದೆ. ವಾದ್ಯದ ಬಾಯಿಗೆ ಸಿಕ್ಕಿಸಿ ಸದ್ದು ತಗ್ಗಿಸುವ ಪ್ರಾಕ್ಟೀಸ್ ಮ್ಯೂಟ್ ರಾತ್ರಿಯ ಹೊತ್ತಿಗೆ ಉಪಕಾರಿಯೇ, ಆದರೆ ಅದು ಗಾಳಿಗೆ ಎದುರೊತ್ತಡ ಹೆಚ್ಚಿಸುತ್ತದೆ, ಶ್ರುತಿಯನ್ನೂ ಬದಲಿಸುತ್ತದೆ. ದಿನವೂ ಅದರಲ್ಲೇ ನುಡಿಸುವವರು ಬಯಲಿಗೆ ಬಂದಾಗ ಉಸಿರು ಸಾಲದೆ ತಡವರಿಸುತ್ತಾರೆ. ಬೆರಳಿನ ಪಾಠಕ್ಕೆ ಮ್ಯೂಟ್, ನಾದದ ಪಾಠಕ್ಕೆ ತೆರೆದ ವಾದ್ಯ ಎಂದು ಹಂಚಿಕೊಂಡರೆ ತೊಂದರೆ ಕಡಿಮೆ.

ಬಿಡುವಿನ ದಿನಗಳು

ವಾರಕ್ಕೊಂದು ದಿನ ಪೂರ್ತಿ ಬಿಡುವುದೋ, ಪ್ರತಿದಿನವೂ ಸ್ವಲ್ಪವಾದರೂ ನುಡಿಸುವುದೋ ಎಂಬಲ್ಲಿ ಒಳ್ಳೆಯ ವಾದಕರಲ್ಲೇ ಒಮ್ಮತವಿಲ್ಲ. ಹಿಂದಿನ ದಿನ ದೀರ್ಘ ಕಾರ್ಯಕ್ರಮ ನುಡಿಸಿದ್ದರೆ ಪೂರ್ತಿ ಬಿಡುವಿಗಿಂತ ಹತ್ತು ನಿಮಿಷದ ಮೆಲುವಾದ ಕೆಳಸ್ವರಗಳೇ ತುಟಿಯ ಬಿಗಿತ ಬಿಡಿಸುತ್ತವೆ ಎಂದು ನನ್ನ ಅನುಭವ. ಆದರೆ ತುಟಿಯಲ್ಲಿ ಗಾಯ, ಬಾವು ಅಥವಾ ಚುಚ್ಚುವ ನೋವು ಇದ್ದರೆ ಅಲ್ಲಿ ಹೋಲಿಕೆಯೇ ಇಲ್ಲ, ವಾದ್ಯ ಮುಟ್ಟಬಾರದು. ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಹಲ್ಲಿಗೆ ಬ್ರೇಸ್ ಹಾಕಿಸಿಕೊಂಡ ಮಕ್ಕಳಿಗೆ ಹಳೆಯ ನಿಮಿಷಗಳ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಐದು ಐದು ನಿಮಿಷಗಳ ಕಂತು, ಕೆಳಗಿನ ಸ್ವರಗಳು, ತುಂಬ ತಾಳ್ಮೆ ಬೇಕು. ಹಲವು ತಿಂಗಳು ಬಿಟ್ಟು ಮರಳಿದವರೂ ಬೆರಳಿಗೆ ನೆನಪಿರುವುದನ್ನೆಲ್ಲ ತುಟಿಯಿಂದ ಕೇಳಬಾರದು.

ಆರಿಸಿಕೊಂಡ ಕ್ರಮವನ್ನು ನಾಲ್ಕು ವಾರವಾದರೂ ಬದಲಿಸದೆ ನಡೆಸಿ ನೋಡಬೇಕು. ಮೂರೇ ದಿನಕ್ಕೆ ಬದಲಿಸುವವರಿಗೆ ಯಾವ ಕ್ರಮದ ಗುಣವೂ ತಿಳಿಯುವುದಿಲ್ಲ. ಪರೀಕ್ಷೆಗೆ ಹೆಚ್ಚೇನೂ ಬೇಡ. ಬೆಳಗ್ಗೆ ವಾದ್ಯ ಎತ್ತಿ, ನಾಲಿಗೆ ತಾಗಿಸದೆ, ಉಸಿರಿನಿಂದಷ್ಟೇ ಎರಡನೆಯ ಗೆರೆಯ ಜಿ ಸ್ವರವನ್ನು ಸಾಧ್ಯವಾದಷ್ಟು ಮೆಲ್ಲಗೆ ಹುಟ್ಟಿಸಬೇಕು. ಉಸಿರಿನ ಜೊತೆಗೇ ಸ್ವರ ಮೂಡಿದರೆ ನಿನ್ನೆಯ ಅಳತೆ ಸರಿಯಾಗಿತ್ತು. ಮೊದಲು ಗಾಳಿಯ ಸದ್ದು ಬಂದು, ಆಮೇಲೆ ಸ್ವರ ಸಿಡಿದಂತೆ ಬಂದರೆ ನಿನ್ನೆ ಎಲ್ಲೋ ವಿರಾಮ ಸಾಲಲಿಲ್ಲ; ಇಂದಿನ ಕಂತುಗಳಲ್ಲಿ ಒಂದನ್ನು ಕೈಬಿಡಬೇಕು, ಮತ್ತು ಆ ಕಂತು ಮೇಲಿನ ಸ್ವರಗಳದ್ದೇ ಆಗಿರಬೇಕು.